ಬೆಲ್ಟ್, ಟಿ8 ಸ್ಕ್ರೂ, ಬಾಲ್ ಸ್ಕ್ರೂ: ಒಂದೇ ಸಿಎನ್‌ಸಿ ರೌಟರ್‌ಗೆ ಮೂರನ್ನೂ ಹಾಕಿ ನೋಡಿದ್ಮೇಲೆ

ನನ್ನ ಹತ್ರ ಒಂದು ಡಬ್ಬ ಇದೆ, ಅದ್ರ ತುಂಬ ಅಂಗೈ ಅಗಲದ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ತುಂಡುಗಳು, ಪ್ರತಿಯೊಂದ್ರ ನಡುವೆನೂ ಒಂದೊಂದು ದುಂಡನೆ ಗುಳಿ. ಎಲ್ಲಾನೂ ನಾನೇ ಕಟ್ಟಿದ ಸಿಎನ್‌ಸಿ ರೌಟರ್‌ಗೆ (ಕಂಪ್ಯೂಟರ್ ಹೇಳಿದಂಗೆ ಕೊರೆಯೋ ಮಷೀನು) 22 ಎಂಎಂ ಅಂತ ಹೇಳೇ ಕೊರೆಸಿದ್ದು. ಯಾಕೆ 22 ಅಂದ್ರೆ 608 ಬೇರಿಂಗ್ ಹೊರ ವ್ಯಾಸ ಕರೆಕ್ಟಾಗಿ 22 ಎಂಎಂ, ಸ್ಕೇಟಿಂಗ್ ಚಕ್ರದಲ್ಲಿ ಇರುತ್ತಲ್ಲ ಅದೇ ಬೇರಿಂಗು, ಗುಳಿ ಸರಿಯಾಗಿ ದುಂಡಗಿದ್ರೆ ಹೆಬ್ಬೆರಳಲ್ಲಿ ಒತ್ತಿದ್ರೆ ಕೂರುತ್ತೆ, ಇಲ್ಲಾಂದ್ರೆ ಕೂರಲ್ಲ, ವಾದ ಮಾಡೋಕೆ ಜಾಗನೇ ಇಲ್ಲ. ಮೂರು ಥರದ ಡ್ರೈವ್ (ಮೋಟ್ರು ತಿರುಗಿದ್ರೆ ಟೂಲನ್ನ ಸರಿಸೋ ಭಾಗ) ಹಾಕಿದಾಗ್ಲೂ ಇದೇ ಪರೀಕ್ಷೆ ಮಾಡಿದೀನಿ. ಜೊತೆಗೆ ಲಗೇಜ್ ತೂಕ ನೋಡೋ ಕೊಕ್ಕೆ ತಕ್ಕಡಿ ಸಿಗಿಸಿ 5 ಕೆಜಿ ಎಳೆಯೋದು, ಡಯಲ್ ಇಂಡಿಕೇಟರ್‌ನಲ್ಲಿ ಎಷ್ಟು ಅಲ್ಲಾಡ್ತು ನೋಡೋದು. ಇಷ್ಟೇ ನನ್ನ ಲ್ಯಾಬು.

ಮಷೀನ್ ಬಗ್ಗೆ ಹೇಳ್ಬೇಕಂದ್ರೆ ಕೆಲ್ಸದ ಜಾಗ 600ಕ್ಕೆ 600, 20-80 ಅಲ್ಯೂಮಿನಿಯಂ ಎಕ್ಸ್‌ಟ್ರೂಷನ್ ಗ್ಯಾಂಟ್ರಿ, ಅಂದ್ರೆ ಬೆಡ್ಡಿನ ಮೇಲೆ ಅಡ್ಡಕ್ಕೆ ನಿಂತಿರೋ ಸೇತುವೆ, ವಿ-ವೀಲ್ ಅನ್ನೋ ಪ್ಲಾಸ್ಟಿಕ್ ಚಕ್ರದ ಮೇಲೆ ಓಡೋದು, ಕೆಳಗೆ ಟೂಲ್ ತಾಗಿದ್ರೂ ಪರ್ವಾಗಿಲ್ಲ ಅನ್ನೋ ಎಂಡಿಎಫ್ ಸ್ಪಾಯಿಲ್‌ಬೋರ್ಡ್. ಅದಕ್ಕೂ ಮುಂಚೆ ಎಲ್ಲರ ಹಾಗೆ ನಂದೂ ಒಂದು ಪುಟ್ಟ 3018 ಇತ್ತು, 300ಕ್ಕೆ 180ರಲ್ಲಿ ಏನೂ ಹಿಡಿಯಲ್ಲ ಅನ್ಸಿ ದೊಡ್ಡದು ಕಟ್ಟೋಕೆ ಕೈ ಹಾಕ್ದೆ.

ಮೊದ್ಲು ಬೆಲ್ಟ್. ಜಿಟಿ2, 6 ಎಂಎಂ ಅಗಲ, 20 ಹಲ್ಲಿನ ಪುಲ್ಲಿ. ಹಲ್ಲಿನ ಪಿಚ್ 2 ಎಂಎಂ, ಅಂದ್ರೆ ಮೋಟ್ರು ಒಂದು ಸುತ್ತು ಬಂದ್ರೆ 40 ಎಂಎಂ, ಸುತ್ತಿಗೆ 200 ಸ್ಟೆಪ್ ಇಡೋ ಮೋಟ್ರಿಗೆ 8 ಮೈಕ್ರೋಸ್ಟೆಪ್ ಇಟ್ರೆ (ಒಂದು ಸ್ಟೆಪ್ಪನ್ನ 8 ತುಂಡು ಮಾಡೋದು) ಒಂದು ಎಂಎಂಗೆ 40 ಸ್ಟೆಪ್ ಅಷ್ಟೇ. ಓಡೋದು ಮಾತ್ರ ನೋಡ್ಬೇಕು ನೀವು, ಕುದುರೆ ಥರ, ಸದ್ದಿಲ್ಲ, ಎಣ್ಣೆ ಬೇಡ, ಒಂದು ಮಧ್ಯಾಹ್ನದಲ್ಲಿ ಕಟ್ಟಿ ಮುಗಿಸ್ಬೋದು. ನನ್ನ ಪ್ರಕಾರ ಮೊದಲನೇ ಮಷೀನ್ ಕಟ್ಟೋರಿಗೆ ಇದನ್ನ ಬೈಯೋದು ತಪ್ಪು. ತೊಂದ್ರೆ ಏನಂದ್ರೆ ಬೆಲ್ಟು ಒಂದು ಸ್ಪ್ರಿಂಗು, ಅದೂ ಜಾಗಕ್ಕೊಂದು ಥರ ಆಡೋ ಸ್ಪ್ರಿಂಗು. ನಂದ್ರಲ್ಲಿ ಬೆಲ್ಟಿನ ಎರಡೂ ತುದಿ ಫ್ರೇಮಿಗೆ ಕಟ್ಟಿ ಮೋಟ್ರು ಗಾಡಿ (ಟೂಲ್ ಹೊತ್ತು ಸರಿಯೋ ಭಾಗ) ಮೇಲೇ ಕೂತಿತ್ತು, ಗಾಡಿ ಒಂದು ತುದಿ ಹತ್ರ ಇದ್ದಾಗ ಆ ಕಡೆ ಬೆಲ್ಟ್ ಚಿಕ್ಕದಿರುತ್ತಲ್ಲ, ಬಿಗಿಯಾಗಿ ಹಿಡಿಯುತ್ತೆ, 5 ಕೆಜಿಗೆ 0.25 ಎಂಎಂ ಹತ್ರ ಸರಿತು, ಮಧ್ಯಕ್ಕೆ ತಂದು ಎಳೆದ್ರೆ 0.6. ಹಂಗಾಗಿ ಒಂದೇ ಫೈಲ್, ಒಂದೇ ಟೂಲ್, ಬೆಡ್ಡಿನ ಮೂಲೆಯಲ್ಲಿ ಕೊರೆದ ಗುಳಿಗೂ ಮಧ್ಯದಲ್ಲಿ ಕೊರೆದ ಗುಳಿಗೂ ಅಳತೆ ಬೇರೆ. ಬೇರಿಂಗು ಒಂದ್ರಲ್ಲಿ ಕೂತ್ಕೋತು, ಇನ್ನೊಂದ್ರಲ್ಲಿ ಅರ್ಧಕ್ಕೆ ಸಿಕ್ಕಾಕ್ಕೊಂಡು ಓರೆಯಾಗಿ ನಿಂತ್ಕೊಂಡು ನನ್ನೇ ನೋಡ್ತಿತ್ತು. ಇನ್ನೊಂದು ಸಮಸ್ಯೆ, ಮರದ ಪುಡಿ ಪುಲ್ಲಿ ಹಲ್ಲಿನ ಸಂದಿಗೆ ಮೆತ್ಕೊಂಡು ಬೆಲ್ಟು ಮೇಲೆ ಏಳುತ್ತೆ, ಯಾವಾಗ್ಲೋ ಒಂದು ಹಲ್ಲು ಹಾರುತ್ತೆ, ಸರಿಯಾಗಿ 2 ಎಂಎಂ ಪಕ್ಕಕ್ಕೆ ಹೋದ ಡಿಸೈನ್ ಸಿಕ್ಕಿದ್ರೆ ಕಳ್ಳ ಯಾರು ಅಂತ ಹುಡುಕೋದೇ ಬೇಡ.

ಆಮೇಲೆ ಟಿ8, ಅಂದ್ರೆ ತಿರುಗಿದ್ರೆ ನಟ್ಟನ್ನ ತಳ್ಕೊಂಡು ಹೋಗೋ ಉದ್ದನೆ ಸ್ಕ್ರೂ. ಎಲ್ರೂ ಸ್ಕ್ರೂ ಹಾಕು ಸ್ಕ್ರೂ ಹಾಕು ಅಂತಿದ್ರು. ಇಲ್ಲಿ ಮೊದಲನೇ ದಿನವೇ ಎಡವಿದ್ದು: 8 ಎಂಎಂ ದಪ್ಪ, ಪಿಚ್ 2 ಎಂಎಂ ಅಂತ ಓದ್ಕೊಂಡು ಜಿಆರ್‌ಬಿಎಲ್‌ನಲ್ಲಿ (ಮಷೀನ್ ನಡೆಸೋ ಸಾಫ್ಟ್‌ವೇರ್) ಒಂದು ಎಂಎಂಗೆ ಎಷ್ಟು ಸ್ಟೆಪ್ ಅನ್ನೋ $100 ಸೆಟ್ಟಿಂಗ್‌ಗೆ 800 ಹಾಕ್ಬಿಟ್ಟೆ, 10 ಎಂಎಂ ಹೋಗು ಅಂದ್ರೆ ಗಾಡಿ 40 ಎಂಎಂ ನುಗ್ಗಿ ತುದಿಗೆ ಗುದ್ದಿ ಕಟಕಟ ಅಂತ ನಿಂತ್ಕೊಳ್ತು. ಪಿಚ್ 2 ಎಂಎಂ ನಿಜ, ಆದ್ರೆ ಸಾಮಾನ್ಯವಾಗಿ ಸಿಗೋ ಟಿ8ರಲ್ಲಿ ನಾಲ್ಕು ಎಳೆ ಒಟ್ಟಿಗೆ ಸುತ್ಕೊಂಡಿರುತ್ತೆ, ಹಾಗಾಗಿ ಒಂದು ಸುತ್ತಿಗೆ 8 ಎಂಎಂ, ಸರಿಯಾದ ನಂಬರ್ 200. ಒಂದೇ ಎಳೆದೂ ಸಿಗುತ್ತೆ, ಅದು ಸುತ್ತಿಗೆ 2 ಎಂಎಂ, ಅದ್ರ ಕಥೆ ಆಮೇಲೆ ಬರುತ್ತೆ. ತುದಿಯಲ್ಲಿ ಎಷ್ಟು ಎಳೆ ಶುರುವಾಗುತ್ತೆ ಅಂತ ಉಗುರಲ್ಲಿ ಮುಟ್ಟಿ ಎಣಿಸಿದ್ರೆ ಗೊತ್ತಾಗುತ್ತೆ, ನಾನು ಎಣಿಸಿರ್ಲಿಲ್ಲ.

ಟಿ8ರಲ್ಲಿ ಕೊರೆದ ಗುಳಿಗಳು ನೋಡೋಕೆ ಬೆಲ್ಟಿಗಿಂತ ಚೆನ್ನಾಗೇ ಇದ್ವು, ಆದ್ರೆ ಗಡಿಯಾರದಲ್ಲಿ 12, 3, 6, 9 ಇರುತ್ತಲ್ಲ ಆ ನಾಲ್ಕು ಜಾಗದಲ್ಲಿ ಸಣ್ಣ ಚಪ್ಪಟೆ, ಉಗುರು ಎಳೆದ್ರೆ ತಡೆಯುತ್ತೆ. ಅದು ಬ್ಯಾಕ್‌ಲ್ಯಾಷು, ಒಂದು ಆಕ್ಸಿಸ್ ದಿಕ್ಕು ಬದಲಾಯಿಸೋದೇ ಆ ಜಾಗಗಳಲ್ಲಿ, ಸ್ಕ್ರೂ ತಿರುಗುತ್ತೆ ಆದ್ರೆ ನಟ್ಟು ಹಲ್ಲಿನ ಇನ್ನೊಂದು ಗೋಡೆಗೆ ತಾಗೋವರ್ಗೂ ಗಾಡಿ ಕದಲಲ್ಲ. ಡಯಲ್ ಇಟ್ಟು ನೋಡಿದ್ರೆ 0.15. ಸ್ಪ್ರಿಂಗ್ ಇರೋ ಹಿತ್ತಾಳೆ ಆಂಟಿ-ಬ್ಯಾಕ್‌ಲ್ಯಾಷ್ ನಟ್ ಹಾಕ್ದೆ, ಸುಮ್ನೆ ಗಾಳಿಯಲ್ಲಿ ಓಡಿಸಿದ್ರೆ ಸೂಪರ್, ಮರ ಕೊರೆಯೋಕೆ ಶುರು ಮಾಡಿದ್ರೆ ಕಟಿಂಗ್ ಫೋರ್ಸ್ ಸ್ಪ್ರಿಂಗನ್ನ ಸೋಲಿಸ್ಬಿಡುತ್ತೆ, ಮತ್ತೆ ಅದೇ ಚಪ್ಪಟೆ. ಡೆಲ್ರಿನ್ (ಗಟ್ಟಿ ಪ್ಲಾಸ್ಟಿಕ್) ಬ್ಲಾಕಿನಲ್ಲಿ ಸ್ಕ್ರೂ ಬಿಗಿ ಮಾಡಿ ಅಡ್ಜಸ್ಟ್ ಮಾಡೋ ನಟ್ ಇದಕ್ಕಿಂತ ಎಷ್ಟೋ ಮೇಲು. ಆದ್ರೂ ಪೂರ್ತಿ ಹೋಗ್ಲಿಲ್ಲ, ಒಂದು ರಾತ್ರಿ ಡಯಲ್ ಕಡ್ಡಿನ ಸ್ಕ್ರೂ ತುದಿಗೇ ಇಟ್ಟು ಗಾಡಿನ ಕೈಯಲ್ಲಿ ತಳ್ಳಿ ನೋಡಿದ್ರೆ ಸ್ಕ್ರೂನೇ ಹಿಂದೆ ಮುಂದೆ ಹೋಗ್ತಿದೆ! ಮೋಟ್ರಿಗೂ ಸ್ಕ್ರೂಗೂ ಮಧ್ಯೆ ಇರೋ ಸುರುಳಿ ಕಟ್ಟಿರೋ ಅಲ್ಯೂಮಿನಿಯಂ ಕಪ್ಲರ್ ಇದ್ಯಲ್ಲ, ಅದು ಉದ್ದಕ್ಕೆ ಎಳೆದ್ರೆ ಪಕ್ಕಾ ಸ್ಪ್ರಿಂಗ್ ಥರನೇ ಹಿಗ್ಗುತ್ತೆ. ಸ್ಕ್ರೂ ಮೇಲೆ ಬೀಳೋ ತಳ್ಳಾಟನ ಕಪ್ಲರ್ ಹೊರಬಾರ್ದು, ಬೇರಿಂಗ್ ಹೊರಬೇಕು. ಎರಡು ಲಾಕ್ ಕಾಲರ್, ಒಂದು ಥ್ರಸ್ಟ್ ಬೇರಿಂಗ್ ಹಾಕಿದ್ಮೇಲೆ 0.05ಗೆ ಇಳೀತು. ಅಷ್ಟು ದಿನ ನಟ್ಟಿಗೆ ಬೈದಿದ್ದು ವೇಸ್ಟು. ಇಲ್ಲಿಗೇ ನಿಲ್ಲಿಸಿದ್ರೂ ಮರದ ಕೆಲ್ಸಕ್ಕೆ ಧಾರಾಳ ಸಾಕಿತ್ತು. ಒಂದೇ ಬೇಜಾರು, ನನ್ನ ಸ್ಕ್ರೂ ಬರುವಾಗ್ಲೇ ಸ್ವಲ್ಪ ಬಾಗಿತ್ತು, 700 ಎಂಎಂ ಉದ್ದ, ನಿಮಿಷಕ್ಕೆ 4000 ಎಂಎಂ ದಾಟಿದ್ರೆ ಮಕ್ಕಳು ಸ್ಕಿಪ್ಪಿಂಗ್ ಆಡೋ ಹಗ್ಗ ಆಗ್ಬಿಡ್ತಿತ್ತು.

ಬಾಲ್ ಸ್ಕ್ರೂ, ಅಂದ್ರೆ ನಟ್ಟಿನೊಳಗೆ ಗುಂಡುಗಳು ಉರುಳೋ ಸ್ಕ್ರೂ, ತಂದಿದ್ದು ಅಲ್ಯೂಮಿನಿಯಂ ಕೊರೆಯೋ ಆಸೆಗೆ. ಎಸ್‌ಎಫ್‌ಯು1605, ಅಂದ್ರೆ 16 ಎಂಎಂ ದಪ್ಪ, ಸುತ್ತಿಗೆ 5 ಎಂಎಂ, ಒಂದು ಎಂಎಂಗೆ 320 ಸ್ಟೆಪ್. ಒಂದು ಕಡೆ ಬೇರಿಂಗ್ ಇರೋ ಬಿಕೆ12 ಬ್ಲಾಕ್ ಬಿಗಿಯಾಗಿ ಹಿಡಿಯುತ್ತೆ, ಇನ್ನೊಂದು ಕಡೆ ಬಿಎಫ್12ರಲ್ಲಿ ಸ್ಕ್ರೂ ಬಿಸಿಯಾಗಿ ಉದ್ದ ಆದ್ರೆ ಜಾರೋಕೆ ಜಾಗ ಇರುತ್ತೆ, ಕಪ್ಲರ್ ಮೇಲೆ ತಳ್ಳಾಟ ಬೀಳೋ ಜಂಜಾಟನೇ ಇಲ್ಲ. ಬ್ಯಾಕ್‌ಲ್ಯಾಷ್ 0.02, ಅದಕ್ಕಿಂತ ಕಮ್ಮಿ ನನ್ನ ಡಯಲ್‌ನಲ್ಲಿ ಓದೋಕೂ ಧೈರ್ಯ ಇಲ್ಲ. ಬೇರಿಂಗು ಹೆಬ್ಬೆರಳಿಗೇ ಕೂತ್ಕೋತು, ಬೆಡ್ಡಿನ ನಾಲ್ಕು ಮೂಲೆಯಲ್ಲೂ, ಮಧ್ಯದಲ್ಲೂ.

ಆದ್ರೆ ಇದು ಸುಮ್ನೆ ತಂದು ಸಿಗಿಸೋ ಸಾಮಾನಲ್ಲ ಕಣ್ರೀ. ಸ್ಕ್ರೂ ದಪ್ಪ, ತಿರುಗಿಸೋಕೇ ಶಕ್ತಿ ಬೇಕು, ನನ್ನ ನೆಮಾ 17 ಮೋಟ್ರುಗಳು ವೇಗ ಏರಿಸಿದ ತಕ್ಷಣ ಕೊಯ್ಯ್ ಅಂತ ಕೂಗಿ ನಿಂತ್ಕೊಳ್ತಿದ್ವು, ಅದಕ್ಕಿಂತ ದೊಡ್ಡ ನೆಮಾ 23ಗೆ ಹೋಗ್ಲೇಬೇಕಾಯ್ತು, ಅದಕ್ಕೆ ಡಿಎಂ542 ಡ್ರೈವರ್, ಅದಕ್ಕೆ 24 ವೋಲ್ಟ್ ಸಾಲ್ದೆ 36 ವೋಲ್ಟ್ ಸಪ್ಲೈ, ಹನುಮಂತನ ಬಾಲ ಬೆಳೆದ ಹಾಗೆ ಪಟ್ಟಿ ಬೆಳೀತು. ಸುತ್ತಿಗೆ 5 ಎಂಎಂ ಅಂದ್ರೆ ನಿಮಿಷಕ್ಕೆ 5000 ಎಂಎಂ ಹೋಗೋಕೆ ಮೋಟ್ರು 1000 ಸುತ್ತು ತಿರುಗ್ಬೇಕು, ಸ್ಟೆಪ್ಪರ್‌ಗೆ ಅಷ್ಟೊತ್ತಿಗೆ ಟಾರ್ಕ್ ಸೋರಿ ಹೋಗಿರುತ್ತೆ. ಬೆಲ್ಟಿನಲ್ಲಿ ಅದೇ 5000ಕ್ಕೆ 125 ಸುತ್ತು ಸಾಕಿತ್ತು. ಇನ್ನೊಂದು ಮುಖ್ಯ ಮಾತು, ನಟ್ಟನ್ನ ಯಾವ ಕಾರಣಕ್ಕೂ ಸ್ಕ್ರೂ ಇಂದ ಹೊರಗೆ ತೆಗೀಬೇಡಿ. ತೆಗೀಲೇಬೇಕು ಅಂದ್ರೆ ಸ್ಕ್ರೂ ಹಲ್ಲಿನ ತಳದ ದಪ್ಪದಷ್ಟೇ ಇರೋ ಒಂದು ಪೈಪ್ ತುದಿಗೆ ಒತ್ತಿಟ್ಟು ಅದ್ರ ಮೇಲೆ ಜಾರಿಸ್ಕೊಳ್ಳಿ. ನಾನು ಕ್ಲೀನ್ ಮಾಡೋಣ ಅಂತ ಸುಮ್ನೆ ತಿರುಗಿಸಿ ಎಳೆದೆ, ಗುಂಡುಗಳೆಲ್ಲ ಸರಸರ ಅಂತ ನೆಲಕ್ಕೆ ಸುರಿದು ಬೀರು ಕೆಳಗೆ ಮಂಚದ ಕೆಳಗೆ ಓಡಿ ಹೋದ್ವು, ಆಯಸ್ಕಾಂತ ಹಿಡ್ಕೊಂಡು ಮಂಡಿ ಊರಿ ಎರಡು ಗಂಟೆ ಹುಡುಕಿದೀನಿ.

ಇಷ್ಟೆಲ್ಲ ಮಾಡಿ ಅಲ್ಯೂಮಿನಿಯಂ ಪ್ಲೇಟ್ ಇಟ್ಟು ಶುರು ಮಾಡಿದ್ರೆ ಕಿರ್ರ್ರ್ ಅಂತ ಅದೇ ಚಾಟರ್, ಟೂಲ್ ನಡುಗಿ ಕಿರುಚೋದು! ಬೆಲ್ಟ್ ಇದ್ದಾಗ ಹೆಂಗಿತ್ತೋ ಹೆಚ್ಚುಕಮ್ಮಿ ಹಂಗೇ. ಕುಣಿಯಲಾರದೋಳು ನೆಲ ಡೊಂಕು ಅಂದ ಹಾಗೆ ನಾನು ಇಷ್ಟು ದಿನ ಡ್ರೈವಿನ ಮೇಲೆ ತಪ್ಪು ಹೊರಿಸ್ಕೊಂಡು ಬಂದಿದ್ದೆ. ಯಾಕಂದ್ರೆ ಡಯಲ್ ಇಡ್ತಿದ್ದಿದ್ದು, ತಕ್ಕಡಿ ಸಿಗಿಸ್ತಿದ್ದಿದ್ದು ಎರಡೂ ಗಾಡಿಯ ಪ್ಲೇಟಿಗೆ, ಅಲ್ಲಿ ಸುಲಭ ಅಂತ. ಟೂಲ್ ಹಿಡಿಯೋ ಕಾಲೆಟ್‌ಗೇ ಕೊಕ್ಕೆ ಹಾಕಿ ಕಾಲೆಟ್‌ಗೇ ಡಯಲ್ ಇಟ್ಟು 5 ಕೆಜಿ ಎಳೆದೆ: 0.3 ಎಂಎಂ. ಪ್ಲೇಟಿನ ಹತ್ರ 0.03. ಹತ್ತರಲ್ಲಿ ಒಂಬತ್ತು ಪಾಲು ಅಲ್ಲಾಟ ಮೇಲೆ ಕೆಳಗೆ ಹೋಗೋ ಝಡ್ ಆಕ್ಸಿಸ್‌ನಲ್ಲಿ, ವಿ-ವೀಲ್‌ನಲ್ಲಿ, ಗ್ಯಾಂಟ್ರಿ ತಿರುಚ್ಕೊಳ್ಳೋದ್ರಲ್ಲಿ ಕೂತಿತ್ತು.

ಹಾಗಾಗಿ ಬೆಲ್ಟಾ ಸ್ಕ್ರೂನಾ ಅಂತ ಕೇಳೋರಿಗೆ ನಾನು ಈಗ ಮೊದ್ಲು ಕೇಳೋದು ವೀಲಾ ರೈಲಾ ಅಂತ. ವಿ-ವೀಲ್ ಕಟ್ಟೋಕೆ ಸುಲಭ, ಎಕ್ಸೆಂಟ್ರಿಕ್ ನಟ್ ತಿರುಗಿಸಿ ಬಿಗಿ ಮಾಡ್ಕೋಬೋದು, ಎಕ್ಸ್‌ಟ್ರೂಷನ್ ಸ್ವಲ್ಪ ಸೊಟ್ಟ ಇದ್ರೂ ಹೊಂದ್ಕೊಂಡು ಹೋಗುತ್ತೆ, ಆದ್ರೆ ಪ್ಲಾಸ್ಟಿಕ್ ಪ್ಲಾಸ್ಟಿಕ್ಕೇ, ಒತ್ತಿದ್ರೆ ಒತ್ತುತ್ತೆ, ಪುಡಿ ಮೆತ್ಕೊಂಡು ಗಡಗಡ ಅನ್ನುತ್ತೆ, ಒಂದೇ ಜಾಗದಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿದ್ರೆ ತಳ ಚಪ್ಪಟೆ ಆಗುತ್ತೆ. ಎಚ್‌ಜಿಆರ್15 ಲೀನಿಯರ್ ರೈಲ್ ಅದಕ್ಕೆ ತದ್ವಿರುದ್ಧ, ಕಲ್ಲು ಅಂದ್ರೆ ಕಲ್ಲು, ಆದ್ರೆ ಕ್ಷಮೆ ಅನ್ನೋದೇ ಇಲ್ಲ, ಎರಡು ರೈಲು ಸಮಾನಾಂತರ ಇಲ್ಲಾಂದ್ರೆ ಒಂದು ತುದಿಯಲ್ಲಿ ಬೆಣ್ಣೆ ಥರ ಜಾರಿ ಇನ್ನೊಂದು ತುದಿಯಲ್ಲಿ ಕಚ್ಕೊಂಡು ನಿಂತ್ಕೊಳ್ಳುತ್ತೆ. ನಾನು ಒಂದು ರೈಲ್ ಪೂರ್ತಿ ಬಿಗಿ ಮಾಡಿ, ಇನ್ನೊಂದರ ಬೋಲ್ಟು ಸಡಿಲ ಬಿಟ್ಟು, ಗಾಡಿನ ಆ ತುದಿಯಿಂದ ಈ ತುದಿಗೆ ಓಡಾಡಿಸ್ತಾ ಒಂದೊಂದೇ ಬೋಲ್ಟ್ ಬಿಗಿ ಮಾಡ್ಕೊಂಡು ಬಂದೆ, ತಗ್ಗಿದ್ದ ಕಡೆ ಅಲ್ಯೂಮಿನಿಯಂ ಫಾಯಿಲ್ ಮಡಚಿ ಇಟ್ಟೆ. ಎಕ್ಸ್ ಮತ್ತೆ ಝಡ್‌ಗೆ ರೈಲು, ಗ್ಯಾಂಟ್ರಿ ಬೆನ್ನಿಗೆ ಒಂದು ದಪ್ಪ ಪ್ಲೇಟ್ ಬೋಲ್ಟ್ ಮಾಡಿದ್ಮೇಲೆ ಕಾಲೆಟ್‌ನಲ್ಲಿ 0.08. ಚಾಟರ್ ಹೋಯ್ತು. ಜೊತೆಗೆ ಕಾಸಿಲ್ದೆ ಸಿಕ್ಕ ಒಂದು ಲಾಭ: ಎಂಡ್‌ಮಿಲ್ (ಕೊರೆಯೋ ಟೂಲ್) ಬಾಗೋದು ಹೊರಗೆ ಚಾಚಿರೋ ಉದ್ದದ ಘನಕ್ಕೆ ತಕ್ಕಂತೆ, ಉದ್ದ ಅರ್ಧ ಮಾಡಿದ್ರೆ ಬಾಗು ಎಂಟರಲ್ಲಿ ಒಂದು ಪಾಲಾಗುತ್ತೆ. ಹಾಸಿಗೆ ಇದ್ದಷ್ಟೇ ಕಾಲು ಚಾಚ್ಬೇಕು ಅನ್ನೋದು ಟೂಲಿಗೂ ಅನ್ವಯ.

ಸ್ಪಿಂಡಲ್, ಅಂದ್ರೆ ಟೂಲ್ ತಿರುಗಿಸೋ ಮೋಟ್ರು, ಅದ್ರ ವಿಷ್ಯಕ್ಕೆ ಬಂದ್ರೆ ಕೈಯಲ್ಲಿ ಹಿಡಿಯೋ ಟ್ರಿಮ್ ರೌಟರ್ ಒಂದು ವರ್ಷ ಓಡಿಸಿದೆ, ಆಮೇಲೆ 1.5 ಕಿಲೋವ್ಯಾಟ್ ಏರ್ ಕೂಲ್ ಸ್ಪಿಂಡಲ್, ವಿಎಫ್‌ಡಿ (ಅದ್ರ ವೇಗ ನಿಯಂತ್ರಿಸೋ ಡಬ್ಬ) ಜೊತೆ. ಟ್ರಿಮ್ ರೌಟರ್ ಹಗುರ, ಸಿಗಿಸಿ ಸ್ವಿಚ್ ಹಾಕಿದ್ರೆ ಆಯ್ತು, ಬ್ರಷ್ ಸವೆದ್ರೆ ಬದಲಾಯಿಸೋದು. ಆದ್ರೆ ಆ ಸದ್ದು! ಪಕ್ಕದ ಮನೆಯವರ ಮುಖ ನೋಡೋಕೆ ಆಗ್ತಿರ್ಲಿಲ್ಲ, ಮತ್ತೆ 10,000 ಆರ್‌ಪಿಎಂಗಿಂತ ಕೆಳಗೆ ಇಳಿಯಲ್ಲ. ವಿಎಫ್‌ಡಿ ಸ್ಪಿಂಡಲ್ ಸುಂಯ್ ಅಂತ ತಿರುಗುತ್ತೆ, 400 ಹರ್ಟ್ಜ್‌ನಲ್ಲಿ 24,000 ಆರ್‌ಪಿಎಂ, ಮಷೀನಿಗೆ ಕೊಡೋ ಆದೇಶ, ಅಂದ್ರೆ ಜಿ-ಕೋಡ್ ಇಂದಾನೇ ವೇಗ ಹೇಳ್ಬೋದು. ಭಾರ ಜಾಸ್ತಿ, ಸೆಟ್ಟಿಂಗ್ ತಲೆನೋವು ಇದೆ. ವಿಎಫ್‌ಡಿ ಒಳಗಿನ ಬೇಸ್ ಫ್ರೀಕ್ವೆನ್ಸಿ 50ರಲ್ಲೇ ಬಿಟ್ಟು ಆನ್ ಮಾಡಿದ್ರೆ 50 ಹರ್ಟ್ಜ್‌ಗೇ ಪೂರ್ತಿ ವೋಲ್ಟೇಜ್ ಹೋಗಿ ವೈಂಡಿಂಗ್ ಸುಟ್ಟು ಹೋಗುತ್ತೆ, ಅದನ್ನ ಮೊದ್ಲು 400 ಮಾಡ್ಕೊಳ್ಳಿ. ನಂಗೆ ಕಾಟ ಕೊಟ್ಟಿದ್ದು ಎಲೆಕ್ಟ್ರಿಕಲ್ ನಾಯ್ಸು, ಸ್ಪಿಂಡಲ್ ಆನ್ ಆದ ತಕ್ಷಣ ಯಾವ ಸ್ವಿಚ್ಚೂ ಒತ್ತದೇನೇ ಅಲಾರ್ಮ್ 1, ಅಂದ್ರೆ ತುದಿಯ ಲಿಮಿಟ್ ಸ್ವಿಚ್ ತಾಗ್ತು ಅಂತ ಮಷೀನ್ ನಿಂತ್ಬಿಡೋದು. ಮೀಟರ್ ಹಿಡಿದು ನೋಡಿದ್ರೆ ಸ್ಪಿಂಡಲ್ ಪ್ಲಗ್ಗಿನ ನಾಲ್ಕನೇ ಪಿನ್ನಿಗೆ ಒಳಗಡೆ ವೈರೇ ಹಾಕಿರ್ಲಿಲ್ಲ, ಸ್ಪಿಂಡಲ್ ಮೈಗೆ ಅರ್ತೇ ಇಲ್ಲ! ನಾಯ್ಸ್ ಬಿಡಿ, ಕರೆಂಟ್ ಹೊಡೆಯೋ ವಿಷ್ಯ ಅದು. ಅರ್ತ್ ಕೊಟ್ಟು, ಶೀಲ್ಡೆಡ್ ಕೇಬಲ್ ಎಳೆದು, ಲಿಮಿಟ್ ಸ್ವಿಚ್‌ಗಳನ್ನ ನಾರ್ಮಲಿ ಕ್ಲೋಸ್ಡ್ (ಒತ್ತದಿದ್ದಾಗ ಸರ್ಕ್ಯೂಟ್ ಮುಚ್ಚಿರೋದು) ಮಾಡಿ, ಸಿಗ್ನಲನ್ನ ಬೆಳಕಲ್ಲಿ ದಾಟಿಸೋ ಆಪ್ಟೋ ಕಪ್ಲರ್ ಮೂಲಕ ತಂದ್ಮೇಲೆ ಶಾಂತಿ.

ಕಂಟ್ರೋಲರ್ ಬಗ್ಗೆ ಜಾಸ್ತಿ ಹೇಳೋಕಿಲ್ಲ. ಆರ್ಡುಯಿನೊ ಯೂನೊ ಮೇಲೆ ಓಡೋ ಜಿಆರ್‌ಬಿಎಲ್ ಸೆಕೆಂಡಿಗೆ ಸುಮಾರು 30,000 ಸ್ಟೆಪ್ ಕೊಡುತ್ತೆ, 320 ಸ್ಟೆಪ್ಪಿನ ಬಾಲ್ ಸ್ಕ್ರೂಗೆ ಅದು ನಿಮಿಷಕ್ಕೆ 5600 ಎಂಎಂ, ನನ್ನ ಮೋಟ್ರು ಅಲ್ಲಿವರೆಗೂ ಹೋಗೋದೇ ಇಲ್ಲ.

ಈಗ ಎಕ್ಸ್, ವೈ ಎರಡಕ್ಕೂ ಬಾಲ್ ಸ್ಕ್ರೂ ಇದೆ. ಝಡ್‌ಗೂ ಹಾಕಿದ್ದೆ, ಪವರ್ ಆಫ್ ಮಾಡಿದ ತಕ್ಷಣ ಅಷ್ಟು ಭಾರದ ಸ್ಪಿಂಡಲ್ ಮೆಲ್ಲಗೆ ಜಾರ್ಕೊಂಡು ಬಂದು ಟೂಲ್ ತುದಿ ಬೆಡ್ಡಿಗೆ ಊರ್ತು, ಬಾಲ್ ಸ್ಕ್ರೂಗೆ ತಾನಾಗೇ ಹಿಡ್ಕೊಳ್ಳೋ ಗುಣ ಇಲ್ಲ. ಹಾಗಾಗಿ ಅಲ್ಲಿ ಮಾತ್ರ ಒಂದೇ ಎಳೆಯ 2 ಎಂಎಂ ಟಿ8, ಅದು ಎಲ್ಲಿ ಬಿಟ್ರೆ ಅಲ್ಲೇ ನಿಲ್ಲುತ್ತೆ, ಸ್ಪಿಂಡಲ್ ಭಾರವೇ ಬ್ಯಾಕ್‌ಲ್ಯಾಷನ್ನ ಒಂದು ಕಡೆಗೆ ಒತ್ತಿ ಇಟ್ಟಿರುತ್ತೆ. ಬಿಚ್ಚಿದ ಬೆಲ್ಟುಗಳು ಒಂದು ಸಣ್ಣ ಲೇಸರ್ ಮಷೀನ್‌ಗೆ ಹೋದ್ವು, ಲೇಸರ್ ಯಾವುದನ್ನೂ ತಳ್ಳಲ್ವಲ್ಲ, ಅಲ್ಲಿ ಬೆಲ್ಟಿಗಿಂತ ಬೇರೆ ಬೇಕಿಲ್ಲ.

ಮೊನ್ನೆ 500 ಎಂಎಂ ಚೌಕದ ಒಂದು ಫ್ರೇಮ್ ಕೊರೆದು ಕರ್ಣ ಅಳೆದೆ, ಒಂದಕ್ಕೂ ಇನ್ನೊಂದಕ್ಕೂ 1 ಎಂಎಂ ವ್ಯತ್ಯಾಸ. ವೈ ಆಕ್ಸಿಸ್‌ನ ಎರಡು ಮೋಟ್ರುಗಳಲ್ಲಿ ಒಂದು ಆನ್ ಆಗುವಾಗ ಒಂಚೂರು ಮುಂದೆ ಕೂತಿರುತ್ತೆ, ಗ್ಯಾಂಟ್ರಿ ಓರೆ. ಎರಡೂ ಕಡೆ ಬೇರೆ ಬೇರೆ ಸ್ವಿಚ್ ಇಟ್ಟು ಹೋಮಿಂಗ್‌ನಲ್ಲೇ (ಶುರುವಲ್ಲಿ ಮಷೀನ್ ಸ್ವಿಚ್ ಮುಟ್ಟಿ ಸೊನ್ನೆ ಜಾಗ ಹುಡುಕೋದು) ನೇರ ಮಾಡ್ಕೋಬೋದು, ಆದ್ರೆ ಯೂನೊದ ಮಾಮೂಲಿ ಜಿಆರ್‌ಬಿಎಲ್‌ನಲ್ಲಿ ಅದು ಆನ್ ಇರಲ್ಲ, ಗ್ರಬ್ಲ್‌ಹಾಲ್ ಇಲ್ಲಾ ಫ್ಲೂಯಿಡ್‌ಎನ್‌ಸಿ ಅನ್ನೋ ಬೇರೆ ಕಂಟ್ರೋಲರ್ ಸಾಫ್ಟ್‌ವೇರ್‌ಗೆ ಹೋಗೋದು ಸುಲಭ. ಅದನ್ನ ಓಡಿಸೋ ಇಎಸ್‌ಪಿ32 ಬೋರ್ಡ್ ಒಂದು ಮೇಜಿನ ಮೇಲೆ ಬಿದ್ದಿದೆ, ವೈರಿಂಗ್ ಪೂರ್ತಿ ಬಿಚ್ಬೇಕು, ಅದಕ್ಕೆ ಸದ್ಯಕ್ಕೆ ದಿನಾ ಆನ್ ಮಾಡೋಕೆ ಮುಂಚೆ ಗ್ಯಾಂಟ್ರಿನ ಎರಡೂ ಕೈಯಲ್ಲಿ ಹಿಂದಿನ ಗೋಡೆಗೆ ಒತ್ತಿ ನೇರ ಮಾಡ್ಕೊಂಡು ಕೆಲ್ಸ ಶುರು ಮಾಡ್ತಿದೀನಿ.