ಜೋಡಿ ಫೋಟೋಗೆ 85 ಎಂಎಂ ಕೊಳ್ಳಿ, 70-200 ಬಾಡಿಗೆಗೆ ತನ್ನಿ

ಮದುವೆಗೆ ಮುಂಚೆ ಹೊರಗಡೆ ಜೋಡಿ ಫೋಟೋ ತೆಗೆಯೋಕೆ ಯಾವ ಲೆನ್ಸ್ ಅಂತ ಕೇಳಿದರೆ ನನ್ನ ಉತ್ತರ 85 ಎಂಎಂ ಎಫ್ 1.8, ಜೂಮ್ ಇಲ್ಲದ ಲೆನ್ಸ್ (ಎಂಎಂ ಹೆಚ್ಚಾದಷ್ಟೂ ದೂರದ್ದು ಹತ್ತಿರ ಕಾಣುತ್ತೆ, ಎಫ್ ಅಂಕಿ ಕಡಿಮೆಯಾದಷ್ಟೂ ಬೆಳಕು ಜಾಸ್ತಿ ಒಳಬರುತ್ತೆ). ನಾನು ಕೊಂಡಿದ್ದು ಅದನ್ನೇ, ನಾಳೆ ಕಳೆದುಹೋದರೆ ಮತ್ತೆ ಕೊಳ್ಳೋದೂ ಅದನ್ನೇ. 70-200 ಎಫ್ 2.8 ಜೂಮ್ ಲೆನ್ಸನ್ನು ಹುಬ್ಬಳ್ಳಿಯಲ್ಲಿ ಬಾಡಿಗೆಗೆ ತಂದು ಒಂದು ಸೀಸನ್ ಓಡಿಸಿ ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ದೂರ ನಿಂತು ತೆಗೆದರೆ ಜೋಡಿ ಕ್ಯಾಮೆರಾ ಮರೆತು ಸಹಜವಾಗಿ ಇರುತ್ತಾರೆ ಅನ್ನೋದು 70-200 ಪರವಾಗಿ ಎಲ್ಲರೂ ಹೇಳುವ ಮಾತು. ಫುಲ್ ಫ್ರೇಮ್ (ದೊಡ್ಡ ಸೆನ್ಸರ್‌ನ) ಕ್ಯಾಮೆರಾ ಲಂಬವಾಗಿ ಹಿಡಿದು 200ರಲ್ಲಿ ಇಬ್ಬರನ್ನೂ ತಲೆಯಿಂದ ಪಾದದವರೆಗೆ ತುಂಬಿಸಬೇಕೆಂದರೆ 11 ಮೀಟರ್ ಹಿಂದೆ ಹೋಗಬೇಕು. 85ರಲ್ಲಿ 5 ಮೀಟರ್ ಸಾಕು. ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಮೇಲೆ ಸಂಜೆ ಗಾಳಿ ಹೇಗಿರುತ್ತೆ ಅಂತ ಹೋದವರಿಗೆ ಗೊತ್ತು. 11 ಮೀಟರ್ ಆಚೆಯಿಂದ "ಅಕ್ಕಾರ, ಅವರ ಕಡೆ ನೋಡ್ರಿ!" ಅಂತ ಕೂಗಿದರೆ ಇಬ್ಬರೂ ನನ್ನ ಕಡೆ ತಿರುಗಿ "ಏನಂದ್ರೀ ಅಣ್ಣಾರ?" ಅಂತಾರೆ. ಮುಗೀತು. ಆಗಷ್ಟೇ ಬಂದಿದ್ದ ನಗು ಹೋಯ್ತು, ಕೈ ನೆಟ್ಟಗಾಯ್ತು, ಅಕ್ಕಪಕ್ಕ ವಾಕಿಂಗ್ ಬಂದವರೂ ನಿಂತು ನೋಡೋಕೆ ಶುರು ಮಾಡಿದರು, ಅಷ್ಟು ಜನರ ಮುಂದೆ ನಿಶ್ಚಯವಾದ ಹುಡುಗನ ಕೈ ಹಿಡಿಯೋಕೂ ಹುಡುಗಿಗೆ ನಾಚಿಕೆ.

ಇದಕ್ಕೆ ಉಪಾಯವನ್ನೂ ಮಾಡಿದೆ. ಹುಡುಗನ ಕಿವಿಗೆ ಇಯರ್‌ಬಡ್ ಹಾಕಿಸಿ ಫೋನ್ ಕಾಲ್‌ನಲ್ಲಿ ಹೇಳುತ್ತಿದ್ದೆ. ಗಾಳಿ ಸದ್ದೇ ಜಾಸ್ತಿ ಕೇಳುತ್ತಿತ್ತು. ಅದೂ ಅಲ್ಲದೆ ಆ ಬಿಳಿ ಬಡ್ ಒಂದೊಂದು ಫೋಟೋದಲ್ಲೂ ಕಾಣುತ್ತಿತ್ತು, ಎಡಿಟಿಂಗ್‌ನಲ್ಲಿ ಅಳಿಸುತ್ತಾ ಕೂರಬೇಕಾಯ್ತು. ಕೈಸನ್ನೆ ಮಾಡಿದರೆ ಮತ್ತೆ ನನ್ನನ್ನೇ ನೋಡುತ್ತಾರೆ.

85 ಹಾಕಿಕೊಂಡರೆ ನಾನು ಮಾತಾಡೋ ದೂರದಲ್ಲಿರುತ್ತೇನೆ. ಧಾರವಾಡದ ಸಾಧನಕೇರಿ ಕೆರೆಯ ದಂಡೆಯಲ್ಲಿ ಒಂದು ಜೋಡಿ ಬಿಗಿಯಾಗಿ ಕೂತಿತ್ತು. ಸುಮ್ನೆ ಕೇಳಿದೆ: "ಕನ್ಯೆ ನೋಡಾಕ ಹೋದಾಗ ಉಪ್ಪಿಟ್ಟು ಯಾರು ಮಾಡಿದ್ರು?" ಹುಡುಗ ಮೆಲ್ಲಗೆ "ಉಪ್ಪ ಇದ್ದಿಲ್ಲರೀ ಅದರಾಗ" ಅಂದ. ಅವಳು ಬಾಯಿಗೆ ಸೆರಗು ಹಿಡಿದು, ಇನ್ನೊಂದು ಕೈಯಿಂದ ಅವನ ಭುಜಕ್ಕೆ ಹೊಡೆದಳು. ಅವರ ಮನೆಯಲ್ಲಿ ದೊಡ್ಡದಾಗಿ ಫ್ರೇಮ್ ಹಾಕಿಸಿದ್ದು ಅದೇ ಫೋಟೋ. ನನ್ನ ಮಟ್ಟಿಗೆ ಕ್ಯಾಂಡಿಡ್, ಅಂದರೆ ಪೋಸ್ ಕೊಡದ ಸಹಜ ಫೋಟೋ, ಹುಟ್ಟೋದು ಮಾತಿನಿಂದ.

ಬೆಳಕಿನ ಲೆಕ್ಕವೂ ಇದೆ. ಉಣಕಲ್ ಕೆರೆಯಲ್ಲಿ ಸೂರ್ಯ ಮುಳುಗಿದ ಮೇಲೆ ಎಫ್ 1.8ರಲ್ಲಿ ಐಎಸ್‌ಒ (ಏರಿದಷ್ಟೂ ಫೋಟೋ ಕಾಳುಕಾಳಾಗುವ ಬೆಳಕಿನ ಸೆಟ್ಟಿಂಗ್) 800 ಇದ್ದರೆ, ಅದೇ ಶಟರ್ ವೇಗಕ್ಕೆ ಎಫ್ 2.8ರಲ್ಲಿ 2000 ಹತ್ತಿರ ಬೇಕು. 70-200ರಲ್ಲಿ ಸ್ಟೆಬಿಲೈಸೇಷನ್ ಇದೆಯಲ್ಲ ಅಂತಾರೆ; ಅದು ನಮ್ಮ ಕೈ ನಡುಕ ತಡೆಯುತ್ತೆ, ನಡೆದು ಬರುವ ಜೋಡಿಯನ್ನು ನಿಲ್ಲಿಸೋದಿಲ್ಲ ಅಲ್ವಾ.

85ರಲ್ಲೂ ಹುಷಾರಾಗಿರಬೇಕು. ಮೂರು ಮೀಟರ್ ದೂರದಲ್ಲಿ ಎಫ್ 1.8 ಇಟ್ಟರೆ ಫೋಕಸ್ ಸಿಗೋ ಆಳ ಅರ್ಧ ಗೇಣಿಗಿಂತ ಸ್ವಲ್ಪ ಜಾಸ್ತಿ ಅಷ್ಟೆ. ಒಬ್ಬರು ಹಿಂದೆ ಒಬ್ಬರು ನಿಂತರೆ ಒಂದು ಮುಖ ಮಸುಕು. ಆಗ ನಾನು ಎಫ್ ಅಂಕಿಯನ್ನು 2.8ಕ್ಕೆ ಏರಿಸುತ್ತೇನೆ, ಫೋಕಸ್ ಆಳ ಹೆಚ್ಚುತ್ತೆ. ಎದುರು ಬಿಸಿಲಿನಲ್ಲಿ ಬಿಳಿ ಅಂಗಿಯ ಅಂಚಿಗೆ ನೇರಳೆ ಗೆರೆ ಬರುತ್ತೆ, ಎಡಿಟಿಂಗ್‌ನಲ್ಲಿ ಹೋಗುತ್ತೆ. ಮೆಹಂದಿ ಕೈಯ ಕ್ಲೋಸಪ್ ಇದರಿಂದ ಆಗಲ್ಲ, 80 ಸೆಂಟಿಮೀಟರ್ ಒಳಗೆ ಬಂದರೆ ಫೋಕಸ್ಸೇ ಹಿಡಿಯಲ್ಲ.

70-200 ಗೆಲ್ಲುವ ಜಾಗ ಗದಗ ಕಡೆ ಕಪ್ಪತಗುಡ್ಡ. ಜೋಡಿಯ ಹಿಂದೆ ಗಾಳಿಯಂತ್ರಗಳು ಆಕಾಶದಷ್ಟು ದೊಡ್ಡದಾಗಿ ನಿಲ್ಲಬೇಕೆಂದರೆ ದೂರ ಹೋಗಿ 200ರಲ್ಲೇ ತೆಗೆಯಬೇಕು, 85ರಲ್ಲಿ ಅವು ಕಡ್ಡಿಗಳು. ಮದುವೆ ದಿನ ಜನರ ತಲೆಗಳ ಮೇಲಿಂದ ಅಕ್ಷತೆ ತೆಗೆಯೋಕೂ ಅದೇ ಬೇಕು. ಲಕ್ಕುಂಡಿಯ ಗುಡಿ ಕಂಬಗಳ ನಡುವೆ ಎರಡೂ ಬೇಡ, ಜಾಗ ಸಾಲಲ್ಲ, 50 ಎಂಎಂ ಒಯ್ಯಿರಿ.

ಒಂದು 70-200 ದುಡ್ಡಿಗೆ 85 ಎಂಎಂ ಮೂರ್ನಾಲ್ಕು ಬರುತ್ತವೆ. ನನ್ನ ಕೆಲಸದಲ್ಲಿ ಮುಕ್ಕಾಲು ಪಾಲು ಕೆರೆ ದಂಡೆ, ಬೆಟ್ಟ, ಕರ್ನಾಟಕ ವಿಶ್ವವಿದ್ಯಾಲಯದ ಮರಗಳ ಸಾಲು. ಮಂಟಪದ ಕೆಲಸವೇ ಜಾಸ್ತಿ ಇರುವವರು 70-200 ಕೊಳ್ಳಲಿ. ನಾನು ಲಗ್ನದ ಹಿಂದಿನ ದಿನ ಬಾಡಿಗೆಗೆ ತಂದು, ಮರುದಿನ ವಾಪಸ್ ಕೊಡುತ್ತೇನೆ.