ಜೀಪು, ಕ್ಯಾಂಪರ್, ವಿ-ಕ್ರಾಸ್: ಅರ್ಧ ಕಿಲೋಮೀಟರಿನ ಪರೀಕ್ಷೆ

ನಮ್ಮ ಮನೆಯಿಂದ ಮೇಲಿನ ಅಡಿಕೆ ತೋಟಕ್ಕೆ ಅರ್ಧ ಕಿಲೋಮೀಟರ್ ದಾರಿ. ಬುಡದಲ್ಲಿ ಒಂದು ಹಳ್ಳ, ಆಮೇಲೆ ಏರು, ಏರಿನಲ್ಲೇ ಎರಡು ತಿರುವು. ಶೋರೂಮಿನವರು ಹೇಳುವ ಲೆಕ್ಕವೆಲ್ಲ ಇಲ್ಲಿ ತಲೆಕೆಳಗಾಗುತ್ತದೆ. ತೀರ್ಥಹಳ್ಳಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಪ್ಪಯ್ಯನ ಕಾಲದ ಮಹೀಂದ್ರಾ ಎಂಎಂ 540 ಜೀಪು ಇನ್ನೂ ಓಡುತ್ತಿದೆ. ಆದರೂ ಒಂದು ಪಿಕಪ್ ಬೇಕು ಅನಿಸಿತ್ತು. ದುಡ್ಡು ಹಾಕುವ ಮೊದಲು ಪಕ್ಕದ ಮನೆಯವರ ಬೊಲೆರೊ ಕ್ಯಾಂಪರ್, ಭಾವನ ಇಸುಜು ವಿ-ಕ್ರಾಸ್ ಎರಡನ್ನೂ ಕೇಳಿ ತಂದೆ. ಮಳೆಗಾಲದಲ್ಲಿ ಔಷಧಿ ಹೊಡೆಯುವಾಗ ಒಂದು ಸಲ, ಕೊಯ್ಲು ಶುರುವಾದಾಗ ಇನ್ನೊಂದು ಸಲ.

ಕಾಗದದ ಮೇಲೆ ಹೋಲಿಕೆಯೇ ಇಲ್ಲ. ವಿ-ಕ್ರಾಸ್‌ನದು 1.9 ಲೀಟರ್ ಎಂಜಿನ್, 163 ಕುದುರೆ ಬಲ, 360 ಎನ್‌ಎಂ ಟಾರ್ಕ್ (ಚಕ್ರ ತಿರುಗಿಸುವ ಬಲ). ಕ್ಯಾಂಪರ್‌ನದು 2.5 ಲೀಟರ್ ಆದರೂ 75 ಕುದುರೆ, 200 ಎನ್‌ಎಂ. ಜೀಪಿನ ಬಲ ಕೇಳಬೇಡಿ, ಅರ್ಧ ಕುದುರೆ ಆಗಲೇ ಸತ್ತಿರಬಹುದು.

ಮೊದಲು ಎಳೆಯುವ ಕೆಲಸ. ಟ್ರೈಲರ್ ಮೇಲೆ 500 ಲೀಟರಿನ ಟ್ಯಾಂಕ್. ಕೊಳೆರೋಗಕ್ಕೆ ಹೊಡೆಯುವ ಒಂದು ಪರ್ಸೆಂಟ್ ಬೋರ್ಡೋ ದ್ರಾವಣಕ್ಕೆ ಐದು ಕೆಜಿ ಮೈಲುತುತ್ತು, ಐದು ಕೆಜಿ ಸುಣ್ಣ. ನೀರೇ ಅರ್ಧ ಟನ್, ಟ್ರೈಲರಿನ ತೂಕ ಬೇರೆ. ಜೀಪಿಗೆ ಲೋ (ನಿಧಾನಕ್ಕೆ ಆದರೆ ಬಲವಾಗಿ ಎಳೆಯುವ ಗೇರು) ಹಾಕಿ ಮೊದಲ ಗೇರಿನಲ್ಲಿ ಬಿಟ್ಟರೆ ಆಮೆಯ ಹಾಗೆ ಹತ್ತಿತು. ಇಳಿಯುವಾಗ ಬ್ರೇಕಿಗೆ ಕಾಲು ಸೋಕಿಸುವ ಕೆಲಸವೂ ಬರಲಿಲ್ಲ, ಎಂಜಿನ್ನೇ ಹಿಡಿದುಕೊಂಡಿತು.

ವಿ-ಕ್ರಾಸ್‌ಗೆ ಭಾವ ಹಿಂದೆ ಹುಕ್ಕು ಹಾಕಿಸಿದ್ದಾರೆ. ಒಂದು ಗುಂಡಿ ತಿರುಗಿಸಿದರೆ ಫೋರ್ ವ್ಹೀಲ್, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ; ನಿಲ್ಲಿಸಿ ಇನ್ನೊಂದು ಸಲ ತಿರುಗಿಸಿದರೆ ಲೋ. ಎಳೆಯಲು ಅದಕ್ಕೆ ಏನೂ ಅನಿಸಲಿಲ್ಲ. ಪೇಚಾಟ ಬೇರೆ ಕಡೆ ಬಂತು. ನಮ್ಮ ಟ್ರೈಲರಿನ ಕೊಂಡಿ ಜೀಪಿನ ಎತ್ತರಕ್ಕೆ ಮಾಡಿಸಿದ್ದು. ಈ ಹುಕ್ಕು ಅದಕ್ಕಿಂತ ಎತ್ತರ. ಸಿಕ್ಕಿಸಿದ ಕೂಡಲೇ ಟ್ರೈಲರಿನ ಮೂತಿ ಮೇಲೆದ್ದು ನೀರೆಲ್ಲ ಹಿಂದಕ್ಕೆ ಸರಿಯಿತು. ಆಗ ಟ್ರೈಲರು ಗಾಡಿಯ ಹಿಂಭಾಗವನ್ನೇ ಮೇಲಕ್ಕೆತ್ತಲು ನೋಡುತ್ತದೆ. ಹಿಂದಿನ ಚಕ್ರದ ಹಿಡಿತ ಹೋಗುತ್ತದೆ. ಟ್ಯಾಂಕ್ ಅರ್ಧ ಖಾಲಿಯಾದಾಗಂತೂ ನೀರು ಕುಲುಕಿ ಪ್ರತಿ ತಿರುವಿನಲ್ಲಿ ಹಿಂದಿನಿಂದ ಒಂದು ಗುದ್ದು. ಟ್ರೈಲರ್ ಎಳೆಯುವವರು ಕುದುರೆ ಬಲಕ್ಕಿಂತ ಮೊದಲು ಕೊಂಡಿಯ ಎತ್ತರ ಅಳೆಯಿರಿ.

ಇನ್ನು ಉದ್ದ. ವಿ-ಕ್ರಾಸ್ ಸುಮಾರು 5.3 ಮೀಟರ್. ಎರಡನೇ ತಿರುವಿನಲ್ಲಿ ಒಂದೇ ಸಲಕ್ಕೆ ತಿರುಗಲಿಲ್ಲ. ಹಿಂದೆ ಟ್ರೈಲರ್ ಇಟ್ಟುಕೊಂಡು ರಿವರ್ಸ್ ತೆಗೆಯೋದು ನನ್ನಿಂದಾಗುವ ಕೆಲಸ ಅಲ್ಲ. ಕೊಂಡಿ ಬಿಚ್ಚಿ, ಇಬ್ಬರು ಆಳುಗಳ ಜತೆ ಟ್ರೈಲರನ್ನು ಕೈಯಲ್ಲೇ ತಿರುಗಿಸಿದೆವು. ಜೀಪು ನಾಲ್ಕು ಮೀಟರೂ ಇಲ್ಲ, ಸುಮ್ನೆ ತಿರುಗಿ ಹೋಗುತ್ತದೆ.

ಪಕ್ಕದವರ ಕ್ಯಾಂಪರ್ ಟೂ ವ್ಹೀಲ್, ಎಂಜಿನ್ ಬಲ ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಅದಕ್ಕೆ ಟ್ರೈಲರ್ ಕಟ್ಟುವ ಧೈರ್ಯ ಮಾಡಲಿಲ್ಲ. ಖಾಲಿ ಗಾಡಿಯನ್ನೇ ಒದ್ದೆ ಏರಿಗೆ ಬಿಟ್ಟೆ. ಅರ್ಧಕ್ಕೆ ಹೋಗಿ ಚಕ್ರ ಸುತ್ತತೊಡಗಿತು. ಇದು ಆ ಗಾಡಿಯ ದೋಷವಲ್ಲ. ಖಾಲಿ ಪಿಕಪ್‌ನ ತೂಕ ಮುಂದೆ, ತಳ್ಳುವ ಚಕ್ರ ಹಿಂದೆ. ಟೂ ವ್ಹೀಲ್ ಪಿಕಪ್ ಯಾವುದಾದರೂ ಹೀಗೇ. ಹಿಂದಿನ ಆಕ್ಸಲ್ ಮೇಲೆ ಬರುವ ಹಾಗೆ ನಾಲ್ಕು ಚೀಲ ಮರಳು ಹಾಕಿದೆವು. ಹತ್ತಿತು. ದೀಪಾವಳಿ ಹೊತ್ತಿಗೆ ದಾರಿ ಒಣಗಿತ್ತು, ಆಗ ಮರಳೂ ಬೇಕಾಗಲಿಲ್ಲ. ಹಸಿ ಅಡಿಕೆ ತುಂಬಿದ ಮೇಲೆ ಕಲ್ಲಿನ ಹಾಗೆ ಕೂತು ಇಳಿಯಿತು.

ಹೊರೆಯ ವಿಷಯದಲ್ಲಿ ಕ್ಯಾಂಪರ್‌ನದೇ ಮೇಲುಗೈ. ಐದು ಜನ ಕೂತು ಹಿಂದೆ ಒಂದು ಟನ್ ಹಾಕಬಹುದು. ಆಳುಗಳೂ ಚೀಲಗಳೂ ಒಂದೇ ಟ್ರಿಪ್ಪು. ವಿ-ಕ್ರಾಸ್‌ನಲ್ಲೂ ಐದು ಸೀಟು, ಆದರೆ ಆರ್‌ಸಿಯಲ್ಲಿ ಬರೆದ ಲೋಡ್ ತುಂಬಾ ಕಡಿಮೆ. ಶಿವಮೊಗ್ಗಕ್ಕೆ ಮನೆಯವರನ್ನು ಕರೆದುಕೊಂಡು ಹೋಗಲು ಮಾತ್ರ ಅದರಷ್ಟು ಸುಖ ಇನ್ನೊಂದರಲ್ಲಿಲ್ಲ. ಕ್ಯಾಂಪರ್ ಖಾಲಿ ಇದ್ದಾಗ ಕುಲುಕಿಸುತ್ತದೆ. ಅಮ್ಮ ಒಂದೇ ಸಲ ಕೂತರು, ಆಮೇಲೆ ಬಸ್ಸೇ ಸಾಕು ಅಂದರು.

ಕ್ಯಾಂಪರ್ ಸರಕು ಗಾಡಿ, ಹಳದಿ ಬೋರ್ಡು. ಅದಕ್ಕೆ ಹೆದರುವವರು ಜಾಸ್ತಿ. ಹೊಸ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಎಫ್‌ಸಿ (ಗಾಡಿ ಓಡಲು ಯೋಗ್ಯ ಅನ್ನುವ ಸರ್ಟಿಫಿಕೇಟು), ಆಮೇಲೆ ವರ್ಷಕ್ಕೊಮ್ಮೆ. ಅದೊಂದು ಓಡಾಟ ಹೌದು. ಲೈಸೆನ್ಸ್ ಚಿಂತೆ ಬೇಡ. 7,500 ಕೆಜಿ ಒಳಗಿನ ಸರಕು ಗಾಡಿಗೆ ಎಲ್‌ಎಂವಿ (ಕಾರು ಓಡಿಸುವ) ಲೈಸೆನ್ಸೇ ಸಾಕು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತ್ತು, 2024ರ ನವೆಂಬರಿನಲ್ಲಿ ಅದನ್ನೇ ಎತ್ತಿಹಿಡಿಯಿತು.

ಟೊಯೋಟಾದ ಪಿಕಪ್ ಹೈಲಕ್ಸ್ ಯಾಕೆ ನೋಡಲಿಲ್ಲ ಅಂತ ಭಾವ ಕೇಳಿದರು. ಅದೂ 5.3 ಮೀಟರ್, ಅದೇ ತಿರುವು. ದುಡ್ಡಿನ ಮಾತು ಆಮೇಲೆ.

ವಿ-ಕ್ರಾಸ್‌ಗೆ ಕ್ಯಾಂಪರ್‌ನ ಎರಡು ಪಟ್ಟಿಗಿಂತ ಜಾಸ್ತಿ ಬೆಲೆ. ಬಯಲುಸೀಮೆಯಲ್ಲಿ ಜಮೀನು ಇದ್ದು, ವಾರಕ್ಕೆರಡು ಸಲ ಬೆಂಗಳೂರಿಗೆ ಹೋಗುವವನಾಗಿದ್ದರೆ ಯೋಚಿಸುತ್ತಿದ್ದೆ. ನಾನು ಕ್ಯಾಂಪರ್‌ಗೆ ಅಡ್ವಾನ್ಸ್ ಕೊಟ್ಟೆ, ಟೂ ವ್ಹೀಲ್‌ದೇ. ಟ್ರೈಲರ್ ಜೀಪಿನ ಹಿಂದೆಯೇ ಇರುತ್ತದೆ. ಮೊನ್ನೆ ಒಬ್ಬರು ಜೀಪಿಗೆ ಒಳ್ಳೆ ರೇಟು ಹೇಳಿ ಬಂದಿದ್ದರು. ಕಾಫಿ ಕೊಟ್ಟು ಕಳಿಸಿದೆ.