ಕುಂಬಳೆ ಪೇಟೆಯ ಮೀನು ಕೊಯ್ಯುವ ಕಟ್ಟೆ: ಬಂಗುಡೆಗೆ ಸೈ, ಬೊಂಡಾಸಿಗೆ ಸಾಲದು

ಈ ಅಂಗಡಿಯಲ್ಲಿ ಕೊಂಡ ಮೀನನ್ನು ಅಲ್ಲೇ ಕೊಯ್ದು ಕೊಡುತ್ತಾರೆ. ಮೀನು ತಾಜಾ, ಐಸು ಧಾರಾಳ, ಕತ್ತಿ ಹರಿತ. ಇಲ್ಲಿ ಹೇಳಬೇಕಾದದ್ದು ಕೊಯ್ಯುವ ಕೆಲಸದ ಬಗ್ಗೆ. ಕ್ಯಾಡ್ಮಿಯಂ, ತಾಮ್ರದಂಥ ಭಾರಲೋಹಗಳು ನೀರಿನಿಂದಲೋ ಮೇವಿನಿಂದಲೋ ಮೀನಿನ ಮೈ ಹೊಕ್ಕರೆ ಹೆಚ್ಚಾಗಿ ಕೂರುವುದು ಮಾಂಸದಲ್ಲಲ್ಲ, ಲಿವರ್, ಮೂತ್ರಪಿಂಡ, ಕರುಳು, ಕಿವಿರುಗಳಲ್ಲಿ. ಲಿವರಿನಲ್ಲಿ ಮೆಟಲೊಥಯೊನಿನ್ ಎಂಬ ಪ್ರೋಟೀನು ಲೋಹವನ್ನು ಕಟ್ಟಿಹಾಕುತ್ತದೆ. ಕಟ್ಟಿಹಾಕುವ ಶಕ್ತಿ ಮೀರಿದಾಗ ಅಲ್ಲಿನ ಜೀವಕೋಶಗಳೇ ಹಾಳಾಗತೊಡಗುತ್ತವೆ. ಹಾಗಾಗಿ ಹೊಟ್ಟೆಯೊಳಗಿನದು ಒಡೆಯದೆ, ಇಡಿಯಾಗಿ ಹೊರಬರಬೇಕು.

ಬಂಗುಡೆಯಲ್ಲಿ ಇವರ ಕೈ ಪಳಗಿದೆ. ಕಿವಿಮುಚ್ಚಳ ಎತ್ತಿ, ಕಿವಿರನ್ನೂ ಗಂಟಲನ್ನೂ ಒಟ್ಟಿಗೆ ಹಿಡಿದು, ಗುದದಿಂದ ಗಂಟಲಿನವರೆಗೆ ಕತ್ತಿಯ ತುದಿಯನ್ನಷ್ಟೇ ಆಡಿಸಿ ಸೀಳುತ್ತಾರೆ. ಒಂದೇ ಎಳೆತಕ್ಕೆ ಕಿವಿರು, ಜಠರ, ಕರುಳು, ಲಿವರು, ಅದಕ್ಕಂಟಿದ ಹಸಿರು ಪಿತ್ತಚೀಲ ಎಲ್ಲ ಒಂದೇ ಸರದಂತೆ ಬರುತ್ತವೆ. ಕತ್ತಿ ಆಳಕ್ಕಿಳಿದರೆ ಪಿತ್ತ ಒಡೆದು ಮಾಂಸ ಕಹಿಯಾಗುತ್ತದೆ, ಕರುಳಿನ ಹೂರಣವೂ ಮೆತ್ತಿಕೊಳ್ಳುತ್ತದೆ.

ಅವರು ಬಿಡುವುದು ಒಂದನ್ನೇ. ಬೆನ್ನೆಲುಬಿಗಂಟಿಕೊಂಡು ಉದ್ದಕ್ಕೆ ಕಾಣುವ ಕಪ್ಪು ಕೆಂಪು ಪಟ್ಟಿ ಹೆಪ್ಪುಗಟ್ಟಿದ ರಕ್ತವಲ್ಲ, ಮೂತ್ರಪಿಂಡ. ಕ್ಯಾಡ್ಮಿಯಂ ಕೂರುವ ಮುಖ್ಯ ಜಾಗಗಳಲ್ಲಿ ಅದೂ ಒಂದು. ನೀರು ಹೊಯ್ದರೆ ಅದು ಹೋಗದು. ಮೇಲಿನ ತೆಳುಪೊರೆಯನ್ನು ಕತ್ತಿಯ ಮೊನೆಯಿಂದ ಸೀಳಿ, ಚಮಚದ ಅಂಚಿನಿಂದ ಕೆರೆದು, ಆಮೇಲೆ ಹರಿಯುವ ನೀರಿನಲ್ಲಿ ತೊಳೆಯಬೇಕು. ಕೇಳಿದರೆ ಬೇಸರಿಸದೆ ಮಾಡಿಕೊಡುತ್ತಾರೆ.

ಬೊಂಡಾಸ್ (ಸ್ಕ್ವಿಡ್) ವಿಷಯದಲ್ಲಿ ಮಾತ್ರ ತೃಪ್ತಿಯಿಲ್ಲ. ಜನ ಜಾಸ್ತಿಯಾದ ಹೊತ್ತಿನಲ್ಲಿ ಮೈಚೀಲದ ಸಮೇತ ಅಡ್ಡಡ್ಡ ಕತ್ತರಿಸಿ, ಆಮೇಲೆ ಒಳಗಿನದನ್ನು ತೊಳೆದುಹಾಕುತ್ತಾರೆ. ಬೊಂಡಾಸಿನ ಒಳಗಿನ ಉದ್ದನೆಯ ಕಂದು ಗ್ರಂಥಿ, ಅಂದರೆ ಅದರ ಲಿವರಿನಂಥ ಜೀರ್ಣಗ್ರಂಥಿ, ಕ್ಯಾಡ್ಮಿಯಂ ಸಂಗ್ರಹಕ್ಕೆ ಹೆಸರಾದದ್ದು. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡ ಈ ಜಾತಿಗೆ ಇಟ್ಟಿರುವ ಕಿಲೋಗೆ 2 ಮಿಲಿಗ್ರಾಂ ಕ್ಯಾಡ್ಮಿಯಂ ಮಿತಿಯೂ ಒಳಾಂಗ ತೆಗೆದ ಬೊಂಡಾಸಿಗೆ ಮಾತ್ರ ಅನ್ವಯ. ಗ್ರಂಥಿ ಒಡೆದರೆ ರಸ ಬಿಳಿ ಮಾಂಸಕ್ಕೆ ಹರಡುತ್ತದೆ. ಒಳಾಂಗ ತೆಗೆಯದೆ ಫ್ರೀಜರಿನಲ್ಲಿಟ್ಟು ಕರಗಿಸಿದರೂ ಹಾಗೇ. ಸರಿಯಾದ ಕ್ರಮ ಹೀಗೆ: ಎಡಗೈಯಲ್ಲಿ ಮೈಚೀಲ, ಬಲಗೈಯಲ್ಲಿ ಕಣ್ಣಿನ ಹಿಂದೆ ತಲೆ ಹಿಡಿದು, ಸ್ವಲ್ಪ ತಿರುಗಿಸುತ್ತ ನಿಧಾನಕ್ಕೆ ಎಳೆಯುವುದು. ಗ್ರಂಥಿ, ಅದರ ಮೇಲಿನ ಬೆಳ್ಳಿ ಬಣ್ಣದ ಮಸಿಚೀಲ ಎರಡೂ ತಲೆಯ ಜೊತೆಗೇ ಬರುತ್ತವೆ. ಆಮೇಲೆ ಕತ್ತಿ ಹಾಕಲಿ. ಅರ್ಧ ನಿಮಿಷದ ಕೆಲಸ, ಇಷ್ಟು ಚೆನ್ನಾಗಿ ಬಂಗುಡೆ ಕೊಯ್ಯುವವರಿಗೆ ಕಷ್ಟವಲ್ಲ.

ಕಟ್ಟೆಯೆದುರು ನಿಂತವರು ಕೆಲವನ್ನು ತಪ್ಪಾಗಿ ಓದುತ್ತಾರೆ. ಬೂತಾಯಿಯ (ಸಾರ್ಡಿನ್) ಹೊಟ್ಟೆಯೊಳಗಿನ ಕಪ್ಪು ಪೊರೆ ಮಾಲಿನ್ಯವಲ್ಲ, ಆ ಮೀನಿನ ಸಹಜ ಬಣ್ಣ. ಹೊಟ್ಟೆ ಒಡೆದ ಬೂತಾಯಿಗೂ ಲೋಹಕ್ಕೂ ಸಂಬಂಧವಿಲ್ಲ. ಮೇವು ತುಂಬಿದ ಮೀನಿಗೆ ಐಸು ತಡವಾದರೆ ಅದರ ಜೀರ್ಣರಸವೇ ಹೊಟ್ಟೆಗೋಡೆಯನ್ನು ಕರಗಿಸುತ್ತದೆ. ಲೋಹದ ನಿಜವಾದ ಗಾಯ ಸೂಕ್ಷ್ಮದರ್ಶಕದಡಿ ಕಾಣುವಂಥದ್ದು. ಕರುಳಿನಲ್ಲಿ ಲೋಳೆ ಸುರಿಸುವ ಕೋಶಗಳು ಹೆಚ್ಚುತ್ತವೆ, ಒಳಗೋಡೆಯ ಬೆರಳಿನಂಥ ಮಡಿಕೆಗಳು (ವಿಲ್ಲೈ) ಒಂದಕ್ಕೊಂದು ಬೆಸೆದುಕೊಳ್ಳುತ್ತವೆ, ತುದಿಯ ಪದರ ಕಳಚುತ್ತದೆ. ಲಿವರ್ ಕೋಶಗಳಲ್ಲಿ ಗುಳ್ಳೆಗಳೇಳುತ್ತವೆ. ಪಿಷ್ಟ, ಪ್ರೋಟೀನು, ಕೊಬ್ಬು ಕರಗಿಸುವ ಕಿಣ್ವಗಳ ಕೆಲಸ ಕುಗ್ಗಿದರೆ ಮೀನು ತಿಂದರೂ ಬೆಳೆಯುವುದಿಲ್ಲ. ಲಿವರ್ ಬಿಳಿಚಿದೆ ಎಂದು ನೋಡಿ ತೀರ್ಪು ಕೊಡಲಾಗದು, ಕೊಬ್ಬು ಜಾಸ್ತಿಯಾದರೂ ಹಾಗೆ ಕಾಣುತ್ತದೆ. ಪ್ರಯೋಗಾಲಯಕ್ಕೆ ಕಳಿಸುವುದಾದರೆ ಲಿವರನ್ನೂ ಮಾಂಸವನ್ನೂ ಬೇರೆ ಬೇರೆ ಕಟ್ಟಿ ಕಳಿಸಬೇಕು. ಒಟ್ಟಿಗೆ ಅರೆದರೆ ಲೋಹ ಎಲ್ಲಿತ್ತು ಎಂಬುದೇ ಗೊತ್ತಾಗದು.

ಪಾದರಸದ ಕತೆ ಬೇರೆ. ಮೀಥೈಲ್ ಪಾದರಸ ಮಾಂಸದಲ್ಲೇ ಬೆಸೆದಿರುತ್ತದೆ; ಎಷ್ಟು ಚೆನ್ನಾಗಿ ಕೊಯ್ದರೂ, ಹುಳಿ ಹಾಕಿ ಬೇಯಿಸಿದರೂ ಹೋಗದು. ದೊಡ್ಡ ಶಾರ್ಕ್ ತುಂಡನ್ನು ಬಸುರಿಯರಿಗೆ, ಸಣ್ಣ ಮಕ್ಕಳಿಗೆ ಕೊಡದಿರುವುದೇ ಮೇಲು. ಬೂತಾಯಿ, ಬಂಗುಡೆಗಳು ಮೇವಿನ ಸರಪಳಿಯಲ್ಲಿ ಕೆಳಗಿನವು, ಪಾದರಸವೂ ಕಡಿಮೆ.

ಕರುಳಿನ ಬಕೆಟನ್ನು ಸಂಜೆ ತೋಡಿಗೆ ಸುರಿಯುವುದನ್ನು ಮಾತ್ರ ಇವರು ನಿಲ್ಲಿಸಲೇಬೇಕು. ಮೀನು ಮೈಯೆಲ್ಲ ಸೋಸಿ ಒಂದೆಡೆ ಕೂಡಿಟ್ಟ ಲೋಹ ಮತ್ತೆ ನೀರಿಗೇ ಹೋಗಿ ಕೆಸರು ಮೇಯುವ ತಿರುತ ಮೀನಿನ ಹೊಟ್ಟೆ ಸೇರುತ್ತದೆ.

ಬಂಗುಡೆಗೆ 5ಕ್ಕೆ 4, ಬೊಂಡಾಸಿಗೆ 2. ಬೊಂಡಾಸ್ ಕೊಳ್ಳುವವರು ತೂಕವಾದ ಕೂಡಲೇ, ಕತ್ತಿ ಎತ್ತುವ ಮೊದಲೇ ಹೇಳಿಬಿಡಿ: “ಅಣ್ಣಾ, ಮೊದಲು ತಲೆ ಎಳೆದು ತೆಗೀರಿ, ಆಮೇಲೆ ಪೀಸ್ ಮಾಡಿ.”